ಚಾಂದನಿಯ ಕಲ್ಲು

"ಇದು ಕುದುರಿ," ಎಂದ ವಹಾಬ.

ಕಲ್ಲುಕುಟಿಗ ಭರಮಣ್ಣ ಉಳಿಯನ್ನು ಕೆಳಗಿಟ್ಟು, ತಾನೇ ಇಪ್ಪತ್ತು ದಿನ ಕೆತ್ತಿದ ಪ್ರಾಣಿಯನ್ನು ಹೊಸದಾಗಿ ನೋಡುವವನಂತೆ ನೋಡಿದ. ಖಾನಾಪುರದ ಸ್ಟೇಶನ್ ರಸ್ತೆಯಲ್ಲಿದ್ದ ಅವನ ಅಂಗಳದಲ್ಲಿ, ಅರ್ಧ ಮುಗಿದ ಒಂದು ಬಸವಣ್ಣ ಮತ್ತು ನಾಲ್ಕೈದು ಒಳಕಲ್ಲುಗಳ ನಡುವೆ ಅದು ಗೋಡೆಗೆ ಒರಗಿ ನಿಂತಿತ್ತು. ಎದೆಮಟ್ಟದ ಕರಿಕಲ್ಲು. ಅದರ ಮೇಲಿನ ಪ್ರಾಣಿ ಕತ್ತು ಬಾಗಿಸಿ, ಒಂದು ಮುಂಗಾಲು ಎತ್ತಿ, ಮದುವೆ ಮೆರವಣಿಗೆಗೆ ಹೊರಟಂತೆ ಗತ್ತಿನಿಂದ ನಿಂತಿತ್ತು.

"ಕುದುರೀನೂ ಅಲ್ಲ, ಕತ್ತೀನೂ ಅಲ್ಲ, ಎರಡರ ನಡುವಿಂದು ಅಂದ್ರು ಸುಬೇದಾರ್ರು. ನಾ ಎಲ್ಲಿ ನೋಡೇನ್ರಿ ಅದನ್ನ?" ಎಂದ ಭರಮಣ್ಣ.

"ಖಚ್ಚರದ ಕಿವಿ ಉದ್ದ ಇರತಾವು. ಕಾಲು ಹಿಂಗ ಎತ್ತಂಗಿಲ್ಲ ಅದು. ಹೊರಿ ಹೇರಿದ್ರ ನಾಕೂ ಕಾಲು ಊರಿ ನಿಂದರತೈತಿ."

"ಕಾಲಿಂದು ಈಗ ಏನೂ ಮಾಡಾಕ ಬರಂಗಿಲ್ರಿ. ಕಿವಿ ನೋಡೂಣು. ಮ್ಯಾಲ ಎರಡು ಬೆರಳು ಕಲ್ಲು ಉಳದೈತಿ."

ಅವರ ಹಿಂದೆ ನಿಂತಿದ್ದ ಸುಬೇದಾರ ಗುರುಪಾದಪ್ಪ ಕೆಮ್ಮಿದರು. ಹಣೆಯ ತುಂಬ ವಿಭೂತಿ, ಬಿಳಿ ಟೊಪ್ಪಿಗೆ, ಇಸ್ತ್ರಿ ಮಾಡಿದ ಧೋತರ. ನೌಕರಿಯಿಂದ ನಿವೃತ್ತರಾಗಿ ಎಂಟು ವರ್ಷವಾದರೂ ನಿಲ್ಲುವ ಠೀವಿ ಬದಲಾಗಿರಲಿಲ್ಲ. ಊರಿನಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಿದ್ದರು. ತಾಲೂಕಿನ ಮಾಜಿ ಸೈನಿಕರಿಗೆಲ್ಲ ಹಿರಿಯರಾಗಿದ್ದರು. ವಹಾಬನನ್ನು ಉದ್ಯಮಬಾಗದ ಫೌಂಡ್ರಿಯಿಂದ ಅರ್ಧ ದಿನದ ರಜೆ ಹಾಕಿಸಿ ಕರೆಸಿಕೊಂಡಿದ್ದು ಅವರೇ. ಕಲ್ಲಿನ ಮೇಲಿರಬೇಕಾದ ಆ ಖಚ್ಚರವನ್ನು, ಆ ಹೇಸರಗತ್ತೆಯನ್ನು, ಜೀವಂತ ಕಂಡವರು ಈ ಸೀಮೆಯಲ್ಲಿ ಅವರಿಬ್ಬರೇ ಉಳಿದಿದ್ದರು.

"ಕಿವಿ ಉದ್ದ ಮಾಡು, ಅಷ್ಟ ಸಾಕು," ಎಂದು ಭರಮಣ್ಣನಿಗೆ ಹೇಳಿ, ಕಲ್ಲಿನ ಕೆಳಭಾಗದಲ್ಲಿ ಕೆಂಪು ಬಣ್ಣದಿಂದ ಬರೆಸಿದ್ದ ಅಕ್ಷರಗಳ ಮೇಲೆ ಬೆರಳಾಡಿಸಿದರು. ಅದನ್ನು ಇನ್ನೂ ಕೊರೆದಿರಲಿಲ್ಲ. ಗಟ್ಟಿಯಾಗಿ ಓದಿದರು: "ಹತ್ತೊಂಬತ್ತನೂರಾ ಅರವತ್ತೆರಡರ ಯುದ್ಧದಲ್ಲಿ, ಗಾಯಗೊಂಡ ಯೋಧ ಸತ್ಯಪ್ಪನನ್ನು ಕೊನೆಯುಸಿರಿನವರೆಗೆ ಬೆನ್ನ ಮೇಲೆ ಹೊತ್ತು, ಹಿಮದಲ್ಲಿ ದಾರಿ ತೋರಿ, ವೀರಮರಣ ಹೊಂದಿದ ಚಾಂದನಿ ಎಂಬ ಹೇಸರಗತ್ತೆಯ ಸ್ಮರಣೆಗೆ."

ವಹಾಬ ಅಂಗಿಯ ತೋಳಿಗೆ ಅಂಟಿದ್ದ ಕಲ್ಲಿನ ಧೂಳನ್ನು ಕೊಡವಿಕೊಂಡ.

ಸ್ಟೇಶನ್ ಎದುರಿನ ಚಹಾದ ಅಂಗಡಿಯಲ್ಲಿ ಇಬ್ಬರೂ ಎದುರುಬದುರು ಕೂತರು.

"ಬರೂ ರವಿವಾರ, ಇಪ್ಪತ್ತೆಂಟಕ್ಕ, ಹತ್ತ ಗಂಟೇಕ ಕಾರ್ಯಕ್ರಮ," ಎಂದರು ಗುರುಪಾದಪ್ಪ. "ಬೆಳಗಾವಿಯಿಂದ ಕರ್ನಲ್ ಸಾಹೇಬ್ರು ಬರತಾರ. ಸತ್ಯಪ್ಪನ ಹೇಣ್ತಿ ಮಾಯಕ್ಕನ್ನೂ ಕರಸೇನಿ. ನೀ ಎದ್ದು ನಿಂತು ಎರಡ ಮಾತು ಆಡಬೇಕು."

"ಏನಂತ ಆಡ್ಲಿ?"

"ಕಲ್ಲಿನ ಮ್ಯಾಲ ಬರದದ್ದು."

"ಕಲ್ಲು ನಿಂದರಸ್ರಿ ಸಾಹೇಬ್ರ, ನಾ ಬ್ಯಾಡ ಅನ್ನಂಗಿಲ್ಲ. ಆ ಬಡಜೀವಕ್ಕ ಒಂದು ಕಲ್ಲು ಇರಬೇಕು. ಆದರ ಆ ಬರಹ ಬ್ಯಾಡ. ಬರೇ ಹೆಸರು ಹಾಕಸ್ರಿ."

"ಬರೇ ಹೆಸರು ಹಾಕಿಸಿದ್ರ ಯಾಕಂತ ಮಂದಿ ಕೇಳತಾರ."

"ಕೇಳಲಿ."

ಗುರುಪಾದಪ್ಪ ಬಶಿಗೆ ಸುರಿದುಕೊಂಡ ಚಹಾ ಕುಡಿಯಲಿಲ್ಲ. "ಅರವತ್ತಮೂರರಾಗ ರಜಾ ಮ್ಯಾಲ ಬಂದಾಗ ನಾ ಆ ಹುಡುಗಿ ಮನೀಗೆ ಹೋಗಿದ್ದೆ. ನಿನಗ ಗೊತ್ತಿಲ್ಲ, ನೀ ದವಾಖಾನ್ಯಾಗ ಇದ್ದಿ. ಹತ್ತೊಂಬತ್ತು ವರ್ಷದ ಹುಡುಗಿ. ಹೊಸ್ತಿಲದಾಗ ನಿಂತು, 'ಹೆಂಗ ಹ್ವಾದ್ರು?' ಅಂದ್ಲು. ನಾ ಏನು ಹೇಳಬೇಕಿತ್ತು? ನೀ ಹೇಳು."

ಆ ಹೊಸ್ತಿಲಲ್ಲಿ ಹುಟ್ಟಿದ ಮಾತು ಆಮೇಲೆ ಊರಿಗೆ ಹಬ್ಬಿತ್ತು. ಸಾಲೆಯ ಮಾಸ್ತರರು ಗುರುಪಾದಪ್ಪನವರನ್ನು ಕರೆಸಿ ಮಕ್ಕಳ ಮುಂದೆ ಹೇಳಿಸಿದ್ದರು. ಪತ್ರಿಕೆಯವರು ಬರೆದುಕೊಂಡು ಹೋಗಿದ್ದರು. ಈಗ ಅದು ಕಲ್ಲಿಗೆ ಬಂದಿತ್ತು.

"ನಾ ಬಂದು ಸುಮ್ಮ ಕುಂದರತೀನಿ," ಎಂದ ವಹಾಬ ಕೊನೆಗೆ. "ಮಾತಾಡಂಗಿಲ್ಲ."

"ನೀ ಸುಮ್ಮ ಕುಂತರೂ ಸಾಕು," ಎಂದರು ಗುರುಪಾದಪ್ಪ.

ಬೆಳಗಾವಿಯ ಬಸ್ಸಿನಲ್ಲಿ ಕಿಟಕಿಗೆ ಹಣೆ ಹಚ್ಚಿ ಕೂತ ವಹಾಬನಿಗೆ ಕಂಡಕ್ಟರ್ ಎರಡು ಸಲ ಕೂಗಿದ ಮೇಲೆ ಪೀರನವಾಡಿಯ ಟಿಕೇಟು ಕೇಳುವುದು ನೆನಪಾಯಿತು. ಇಪ್ಪತ್ತು ವರ್ಷದಿಂದ ಅವನು ಯಾವುದನ್ನು ನೆನೆಯದೇ ಇರಲು ಫೌಂಡ್ರಿಯಲ್ಲಿ ಮರಳಿನ ಅಚ್ಚು ಗುದ್ದುತ್ತ ಮೈ ದಣಿಸಿಕೊಂಡಿದ್ದನೋ, ಅದು ಇವತ್ತು ತಪ್ಪು ಕಿವಿ ಹೊತ್ತುಕೊಂಡು ಎದುರಿಗೆ ಬಂದು ನಿಂತಿತ್ತು.

ಅವನಾಗ ಇಪ್ಪತ್ತಾರು ವರ್ಷದವನು. ಚೀನಾ ಗಡಿಯ ನೇಫಾದ ಗುಡ್ಡಗಳಲ್ಲಿ ಮುಂದಿನ ಠಾಣ್ಯಗಳಿಗೆ ಮದ್ದುಗುಂಡು, ಬೇಳೆ, ಸೀಮೆಎಣ್ಣೆ ಹೊರುವ ಹೇಸರಗತ್ತೆಗಳ ತಂಡದಲ್ಲಿದ್ದ. ಚಾಂದನಿ ಅವನ ಪಾಲಿಗೆ ಬಂದದ್ದು. ಹಣೆಯ ಮೇಲೆ ಬಿಳಿ ಚುಕ್ಕೆ, ಕಂದು ಮೈ, ಬೇರೆ ಯಾರ ಕೈಯಿಂದಲೂ ದಾಣಿ ತಿನ್ನದ ಹಟ. ನವೆಂಬರಿನಲ್ಲಿ ಸೈನ್ಯ ಚದುರಿದಾಗ ಯಾರ ಹಿಂದೆ ಯಾರು ಓಡಿದರೆಂಬ ಲೆಕ್ಕವೇ ಇರಲಿಲ್ಲ. ವಹಾಬ ಚಾಂದನಿಯ ಹಗ್ಗ ಹಿಡಿದು ಕಾಡು ಹೊಕ್ಕ. ಮೂರನೆಯ ದಿನ, ಒಂದು ಬಂಡೆಯ ಆಚೆ ಯಾರೋ ಕನ್ನಡದಲ್ಲಿ ಚಳಿಯನ್ನು ಬೈಯುವುದು ಕೇಳಿಸಿತು. "ಇದರ ಹೆಣಾ ಎತ್ತಲಿ." ಆ ದನಿ ಸತ್ಯಪ್ಪನದು. ಮೊಣಕಾಲ ಕೆಳಗೆ ಗುಂಡು ತಾಗಿತ್ತು. ಎರಡೂ ಪಾದ ಹಿಮಕ್ಕೆ ಕಪ್ಪಾಗಿದ್ದವು. ಅವನ ಜೊತೆಗಿದ್ದವರು ಆಗ ಹವಾಲ್ದಾರರಾಗಿದ್ದ ಗುರುಪಾದಪ್ಪ. ಬೆಳಗಾವಿ ಸೀಮೆಯ ಮೂವರು ಆ ಅಡವಿಯಲ್ಲಿ ಒಬ್ಬರನ್ನೊಬ್ಬರು ಕಂಡು ಅತ್ತಿದ್ದರು.

ಸತ್ಯಪ್ಪನನ್ನು ಚಾಂದನಿಯ ಬೆನ್ನ ಮೇಲೆ ಕೂರಿಸಿ, ಪಶ್ಚಿಮಕ್ಕೆ ಮುಖ ಮಾಡಿ ನಡೆದರು. ಐದು ದಿನ. ಅಷ್ಟು ಮಟ್ಟಿಗೆ ಗುರುಪಾದಪ್ಪ ಹೇಳಿದ್ದು ಖರೇ ಆಗಿತ್ತು. ಚಾಂದನಿ ಅವನನ್ನು ಹೊತ್ತಿತ್ತು. ಕಿರಿದಾದ ಜಾಡಿನಲ್ಲಿ ಮೊದಲು ಗೊರಸಿನಿಂದ ತಟ್ಟಿ ನೋಡಿ ಆಮೇಲೆ ಹೆಜ್ಜೆ ಇಡುತ್ತಿತ್ತು. ಅದು ನಿಂತಲ್ಲಿ ಇವರೂ ನಿಲ್ಲುತ್ತಿದ್ದರು. ಹುರಿಗಡಲೆ ತೀರಿತು. ಮೂರು ದಿನ ಹಿಮವನ್ನೇ ತಿಂದರು. ಚಾಂದನಿ ಗಿಡದ ತೊಗಟೆ ಸುಲಿದು ಅಗಿಯುತ್ತಿತ್ತು. ಸತ್ಯಪ್ಪ ಜ್ವರದಲ್ಲಿ ಮದುವೆಯಾಗಿ ಎಂಟು ತಿಂಗಳಾದ ಹೆಂಡತಿಯ ಮಾತು ಆಡುತ್ತಿದ್ದ.

ಇಪ್ಪತ್ತೇಳನೆಯ ತಾರೀಖಿನ ಮುಂಜಾನೆ ಗುರುಪಾದಪ್ಪ ಎದ್ದು ನಿಲ್ಲಲು ಹೋಗಿ ಕುಸಿದರು. ಕೂತಲ್ಲಿಂದಲೇ, ವಹಾಬನ ಕಡೆ ನೋಡದೆ, ಹೇಸರಗತ್ತೆಯನ್ನು ನೋಡುತ್ತ ಅಂದರು: "ಇವತ್ತ ಏನರ ಹೊಟ್ಟಿಗೆ ಬೀಳಲಿಲ್ಲಂದ್ರ ನಾಳೆ ಯಾರೂ ಏಳಂಗಿಲ್ಲ."

"ಸತ್ಯಪ್ಪನ್ನ ಯಾರು ಹೊರತಾರ?" ಎಂದಿದ್ದ ವಹಾಬ.

"ನಾವು ಹೊರೂಣು. ತಿಂದ ಮ್ಯಾಲ ಕಸುವು ಬರತೈತಿ."

ಗುಂಡು ಹಾರಿಸುವಂತಿರಲಿಲ್ಲ, ವೈರಿಗಳಿಗೆ ಕೇಳಿಸುತ್ತಿತ್ತು. ಬೇರೆಯವರು ಹತ್ತಿರ ಹೋದರೆ ಅದು ಒದೆಯುತ್ತಿತ್ತು. ವಹಾಬ ತನ್ನ ಮಫ್ಲರನ್ನು ಬಿಚ್ಚಿ ಅದರ ಕಣ್ಣಿಗೆ ಕಟ್ಟಿದ. ಅದು ದಾಣಿ ಕೊಡುತ್ತಾನೆಂದು ತಿಳಿದು ಅವನ ಅಂಗೈಗೆ ಮೂತಿ ಹಚ್ಚಿತು. ಚೂರಿ ಹಿಡಿದಾಗ ಬಿಸ್ಮಿಲ್ಲಾ ಅಂದಿದ್ದೆನೋ ಇಲ್ಲವೋ ಎಂಬುದು ಅವನಿಗೆ ಇವತ್ತಿಗೂ ನೆನಪಾಗಲಿಲ್ಲ. ಅಂದಿದ್ದರೂ ಅವನ ಧರ್ಮದಂತೆ ಆ ಮಾಂಸ ತಿನ್ನಲು ಬರುತ್ತಿರಲಿಲ್ಲ.

ಬೆಂಕಿಯ ಮುಂದೆ ಗುರುಪಾದಪ್ಪ ಕೊರಳಿಗೆ ಕೈ ಹಾಕಿ ಲಿಂಗದ ಕರಡಿಗೆಯನ್ನು ದಾರಸಮೇತ ತೆಗೆದು ವಹಾಬನ ಕೈಗೆ ಕೊಟ್ಟರು. "ನೀ ಇಟ್ಕೋ," ಎಂದರು. ಹುಟ್ಟಿದ ಮೇಲೆ ಅವರ ಮೈಯಿಂದ ಅದು ದೂರವಾದದ್ದು ಅದೇ ಮೊದಲು. ತಿರುಗಿ ತೆಗೆದುಕೊಳ್ಳುವ ಧೈರ್ಯ ಅವರಿಗೆ ಎಷ್ಟೋ ದಿನ ಬರಲಿಲ್ಲ. ವಹಾಬ ಎದೆಯ ಕಿಸೆಯಲ್ಲಿ ಅದನ್ನು ಹೊತ್ತು ನಡೆದ.

ಸತ್ಯಪ್ಪ ಮೊದಲು ಮುಖ ತಿರುಗಿಸಿದ. ಆಮೇಲೆ ವಹಾಬ ಸಣ್ಣದಾಗಿ ಹರಿದು ಬಾಯಿಗಿಟ್ಟಾಗ ತಿಂದ. ತಿನ್ನುತ್ತಲೇ ಕೇಳಿದ, "ನಾಳೆ ನಾ ಹೆಂಗ ಬರಲೋ ವಹಾಬ?"

ಮರುದಿನ ಇಬ್ಬರೂ ಅವನನ್ನು ಎತ್ತಿದರು. ಕೆಳಗೆ ಕಾಣುತ್ತಿದ್ದ ತೊರೆಯ ತಿರುವಿನವರೆಗೂ ಒಯ್ಯಲಾಗಲಿಲ್ಲ. ಮೂರು ಸಲ ಬಿದ್ದರು. ಮಧ್ಯಾಹ್ನದ ಹೊತ್ತಿಗೆ ಒಂದು ಬಂಡೆಯ ಕೆಳಗೆ ಅವನನ್ನು ಒರಗಿಸಿ, ಕಂಬಳಿ ಹೊದಿಸಿ, ಚಾಂದನಿಯ ಜೀನಿನ ಕೆಳಗಿನ ಮೆತ್ತೆಯನ್ನು ಕಾಲಿಗೆ ಸುತ್ತಿ, ಉಳಿದ ಮಾಂಸದ ಡಬ್ಬಿಯನ್ನು ಕೈಗೆ ಎಟಕುವಂತೆ ಇಟ್ಟರು. ಮಂದಿಯನ್ನು ಕರೆದುಕೊಂಡು ಬರುತ್ತೇವೆ ಎಂದರು. ಸತ್ಯಪ್ಪ ಹೂಂ ಎಂದ. ಅವರಿಗೆ ಹಳ್ಳಿಯೊಂದು ಸಿಗಲು ನಾಲ್ಕು ದಿನ ಹಿಡಿಯಿತು. ಅಲ್ಲಿಂದ ಯಾರೂ ತಿರುಗಿ ಹೋಗಲಿಲ್ಲ. ಕ್ಯಾಂಪಿನಲ್ಲಿ ಗುಮಾಸ್ತ ಸತ್ತ ತಾರೀಖು ಕೇಳಿದಾಗ ಗುರುಪಾದಪ್ಪ ಇಪ್ಪತ್ತೆಂಟು ಎಂದರು. ಗುಮಾಸ್ತ ಬರೆದುಕೊಂಡ.

ರವಿವಾರ ಮುಂಜಾನೆ ವಹಾಬನ ಹೆಂಡತಿ ಮಾಸೂಮಾ ಅವನ ಹಳೆಯ ಕೋಟನ್ನು ಬಿಸಿಲಿಗೆ ಹಾಕಿ, ಕೊಡವಿ, ಮೆಡಲನ್ನು ತಾನೇ ಚುಚ್ಚಿದಳು. ವಹಾಬ ಲಡಾಯಿಯಿಂದ ಬಂದಂದಿನಿಂದ ಮಾಂಸ ಮುಟ್ಟಿರಲಿಲ್ಲ. ಬಕ್ರೀದಿನಲ್ಲೂ ಪಾಲನ್ನೆಲ್ಲ ಹಂಚಿಬಿಡುತ್ತಿದ್ದ. ಜೀವಂತ ಬಂದದ್ದಕ್ಕೆ ಹೊತ್ತ ಹರಕೆ ಅದು ಎಂದು ಅವಳು ನಂಬಿದ್ದಳು.

"ಕ್ಯಾ ಬೋಲ್ತೆ ಜೀ ವಹಾಂ?" ಎಂದು ಕೇಳಿದಳು, ಗುಂಡಿ ಹಾಕುತ್ತ.

"ಕುಛ್ ನೈ," ಎಂದ ವಹಾಬ, ತಾನು ಅಲ್ಲಿ ಏನೂ ಮಾತಾಡುವುದಿಲ್ಲವೆಂದು.

ಖಾನಾಪುರದ ಬಸ್ ಸ್ಟ್ಯಾಂಡಿನ ಬಾಜುವಿನ ಬಯಲಿನಲ್ಲಿ ಮಂಟಪ ಹಾಕಿದ್ದರು. ಸಾಲೆಯ ಮಕ್ಕಳು ಬಾವುಟ ಹಿಡಿದು ನಿಂತಿದ್ದರು. ಕಲ್ಲಿಗೆ ಕೇಸರಿ ಬಟ್ಟೆ ಮುಚ್ಚಿತ್ತು. ಕರ್ನಲ್ಲರ ಜೀಪು ಇನ್ನೂ ಬಂದಿರಲಿಲ್ಲ. ವಹಾಬ ಮಂಟಪದ ಹಿಂದೆ, ಅಡಿಗೆಯವರು ಕೊಪ್ಪರಿಗೆ ಇಟ್ಟಿದ್ದ ಕಡೆ, ಒಂದು ಬೆಂಚಿನ ಮೇಲೆ ಕೂತ.

"ನೀವ ಅಲ್ರಿ ವಹಾಬಣ್ಣ?"

ತಲೆ ಎತ್ತಿ ನೋಡಿದ. ನಲವತ್ತರ ಹೆಂಗಸು, ಬಿಸಿಲಿಗೆ ಕಪ್ಪಾದ ಮುಖ, ಬರಿಯ ಹಣೆ, ಕೈಯಲ್ಲಿ ಬಟ್ಟೆಯ ಗಂಟು. ಯಾರೂ ಹೇಳದೆಯೂ ಅವಳಾರೆಂದು ಅವನಿಗೆ ತಿಳಿಯಿತು. ಎದ್ದು ನಿಂತ.

"ಕುಂದರ್ರಿ, ಕುಂದರ್ರಿ," ಎಂದು ಮಾಯಕ್ಕ ಬೆಂಚಿನ ಇನ್ನೊಂದು ತುದಿಗೆ ಕೂತಳು. "ಜಾಂಬೋಟಿ ಬಸ್ಸಿಗೆ ಬಂದೆ. ಬತ್ತ ಕೊಯ್ಯಾಕ ಹತ್ತೇವಿ, ಬಿಟ್ಟು ಬರೂದಾಗಿದ್ದಿಲ್ಲ. ಆದರ ಅವರನ್ನ ಹೊತ್ತ ಪ್ರಾಣಿ, ಬರದಿದ್ರ ಹೆಂಗ?" ಗಂಟು ಬಿಚ್ಚಿ ತೋರಿಸಿದಳು. ಹೊಸ ಬತ್ತದ ತೆನೆ, ಒಂದು ಅಚ್ಚು ಬೆಲ್ಲ. "ಅದಕ್ಕ ತಿನ್ನಾಕ ತಂದೀನಿ. ಕಲ್ಲು ತಿನ್ನಂಗಿಲ್ಲ, ಗೊತ್ತೈತಿ. ಮುಂದ ಇಟ್ಟು ಹೋಗತೀನಿ."

ವಹಾಬ ಆ ತೆನೆಗಳನ್ನು ನೋಡಿದ.

"ಒಂದ ಮಾತು ಕೇಳತೀನಿ, ಸಿಟ್ಟಾಗಬ್ಯಾಡ್ರಿ," ಎಂದಳು ಮಾಯಕ್ಕ, ದನಿ ತಗ್ಗಿಸಿ. "ಸುಬೇದಾರ್ರು ದೊಡ್ಡವರು, ಅವರಿಗೆ ಕೇಳಾಕ ಇಷ್ಟು ವರ್ಷ ಬಾಯಿ ಬರಲಿಲ್ಲ. ನೀವು ಜೊತೀಗೆ ಇದ್ದವರು. ಅವರು ಹಸ್ಕೊಂಡು ಹ್ವಾದ್ರೇನ್ರಿ? ಹಸಿವಿ ಭಾಳ ಅವರಿಗೆ. ತಡಕೊತಿದ್ದಿಲ್ಲ. ಪ್ರತಿ ವರ್ಷ ಇದ ತಾರೀಖಿಗೆ ಅವರ ಹೆಸರಿಲೆ ಎಡಿ ಹಿಡೀತೀನಿ. ಹಿಡಿಯೂ ಮುಂದ ಇದ ನೆನಪಾಗತೈತಿ."

"ಇಲ್ಲ ತಂಗೀ," ಎಂದ ವಹಾಬ. "ಹೊಟ್ಟಿಗೆ ಇತ್ತು."

ಅಲ್ಲಿಗೆ ನಿಲ್ಲಿಸಬಹುದಿತ್ತು. ಅವಳ ಮುಖ ಸಡಿಲಾಯಿತು, ಕಣ್ಣು ತುಂಬಿತು. "ಹೌದ್ರ್ಯಾ? ಏನಿತ್ರಿ?"

ಅನ್ನ ಎನ್ನಬಹುದಿತ್ತು. ಆದರೆ ಅವಳ ಮಡಿಲಲ್ಲಿ ಆ ತೆನೆಗಳಿದ್ದವು. ಸುಳ್ಳು ಬಾಯಿಗೆ ಬರಲಿಲ್ಲ.

"ಮಾಂಸ," ಎಂದ.

"ಆ ಹಿಮದಾಗ ಮಾಂಸ ಎಲ್ಲಿ ಸಿಕ್ತರಿ?"

ವಹಾಬ ಬಟ್ಟೆ ಮುಚ್ಚಿದ ಕಲ್ಲಿನ ಕಡೆ ನೋಡಿದ. ಅವನ ನೋಟದ ಹಿಂದೆಯೇ ಅವಳ ನೋಟವೂ ಹೋಯಿತು. ತಿರುಗಿ ಬರಲು ತಡವಾಯಿತು. ಕೊಪ್ಪರಿಗೆಯ ಕೆಳಗೆ ಯಾರೋ ಕಟ್ಟಿಗೆ ಒಟ್ಟಿದರು.

"ನೀವು ಕೊಯ್ದ್ರ್ಯಾ?"

"ನಾನ ಕೊಯ್ದೆ. ಅದು ನನ್ನ ಕೈಗಷ್ಟ ಬರತಿತ್ತು."

"ಅವರು ತಿಂದ್ರ್ಯಾ?"

"ಮೊದಲು ಒಲ್ಲೆ ಅಂದ. ಆಮ್ಯಾಲ ನಾ ತಿನಿಸಿದೆ. ತಿಂದ."

"ಬಿಸಿ ಇತ್ತೇನ್ರಿ?"

"ಬಿಸಿ ಇತ್ತು."

ಮಾಯಕ್ಕ ತಲೆಯಾಡಿಸಿದಳು. ಅವಳು ಎದ್ದು ಹೋಗಬಹುದು, ಉಗಿಯಬಹುದು ಎಂದುಕೊಂಡಿದ್ದ ವಹಾಬ. ಅವಳು ಹಾಗೇ ಕೂತಿದ್ದಳು. ಸೆರಗಿನಿಂದ ಮುಖ ಒರೆಸಿಕೊಂಡಳು. "ತಿನ್ನಲಿ ಬಿಡ್ರಿ. ಜೀವ ಅಲ್ಲೇನು," ಎಂದಳು. ತೆನೆಯ ಗಂಟು ಕಟ್ಟತೊಡಗಿದಳು. ಕಟ್ಟುತ್ತ ಕಟ್ಟುತ್ತ ಅವಳ ಕೈ ನಿಂತಿತು.

"ಅದನ್ನ ಕೊಯ್ದ ಮ್ಯಾಲ ಅವರನ್ನ ಯಾರು ಹೊತ್ರು?"

ವಹಾಬ ಇಪ್ಪತ್ತು ವರ್ಷ ಆ ಪ್ರಶ್ನೆಗೆ ಅಂಜಿದ್ದ. ಈಗ ಅದು ಬಂದಾಗ ಅವನಿಗೆ ಹೊಸತೆನಿಸಲಿಲ್ಲ.

"ನಾವ ಎತ್ತಿದ್ವಿ. ಆಗಲಿಲ್ಲ ತಂಗೀ. ನಮಗ ಕಸುವು ಇದ್ದಿಲ್ಲ. ಯಾರೂ ಹೊರಲಿಲ್ಲ."

"ಮತ್ತ?"

"ಒಂದು ಬಂಡಿಗಲ್ಲಿನ ಕೆಳಗ ಕುಂದರಿಸಿದ್ವಿ. ಕಂಬಳಿ ಹೊಚ್ಚಿದ್ವಿ. ಮಂದೀನ್ನ ಕರಕೊಂಡು ಬರತೇವಿ ಅಂದ್ವಿ."

"ಜೀವ ಇತ್ತು."

"ಇತ್ತು."

"ಮಾತಾಡ್ತಿದ್ರು."

"ಹೂಂ ಅಂದ."

ಮಂಟಪದಿಂದ ಹಲೋ ಹಲೋ ಎಂದು ಧ್ವನಿವರ್ಧಕ ಪರೀಕ್ಷಿಸುವ ಸದ್ದು ಬಂತು. ಮಾಯಕ್ಕ ಅದು ಮುಗಿಯುವವರೆಗೆ ಕಾದಳು.

"ತಿನ್ನಾಕ ಏನರ ಇಟ್ಟಿದ್ರ್ಯಾ?"

"ಇಟ್ಟಿದ್ವಿ. ಅದ ಮಾಂಸ. ಡಬ್ಬ್ಯಾಗ."

"ಎಷ್ಟ ದಿನಕ್ಕ ಆಗೂವಷ್ಟು?"

"ಎರಡ ದಿನಕ್ಕ. ತಡದು ತಿಂದ್ರ ಮೂರು."

"ಅದು ಯಾವ ತಾರೀಖು?"

"ಇಪ್ಪತ್ತೆಂಟು."

"ಹಂಗಾರ ಇಪ್ಪತ್ತೆಂಟಕ್ಕ ಅವರು ಹೋಗಿಲ್ಲ," ಎಂದಳು ಮಾಯಕ್ಕ. ದನಿಯಲ್ಲಿ ಸಿಟ್ಟಿರಲಿಲ್ಲ, ಅಂಗಡಿಯಲ್ಲಿ ತೂಕ ಸರಿಯಾಗಿ ಕೇಳಿಸದವರು ಮತ್ತೊಮ್ಮೆ ಕೇಳುವಂತಿತ್ತು. "ನಾ ಯಾವ ತಾರೀಖಿಗೆ ಎಡಿ ಹಿಡೀಲ್ರಿ ಹಂಗಾರ?"

ಮಾಯಕ್ಕ ಸ್ವಲ್ಪ ಹೊತ್ತು ಅವನ ಬಾಯನ್ನೇ ನೋಡಿದಳು. ಆಮೇಲೆ ಎದ್ದು, ಮಂಟಪದ ಕಡೆ ತಿರುಗದೆ, ಬಸ್ ಸ್ಟ್ಯಾಂಡಿನ ಕಡೆ ನಡೆದಳು. ಗಂಟು ಬೆಂಚಿನ ಮೇಲೆಯೇ ಉಳಿಯಿತು.

ವಹಾಬ ಅದನ್ನು ಎತ್ತಿಕೊಂಡು ಹಿಂದೆಯೇ ಹೋದ. ಜಾಂಬೋಟಿಯ ಬಸ್ಸು ನಿಂತಿತ್ತು. ಅವಳು ಹತ್ತಿ ಕಿಟಕಿಯ ಬದಿಗೆ ಕೂತಾಗಿತ್ತು. ಕಿಟಕಿಯಿಂದ ಗಂಟು ಕೊಟ್ಟ. ನೋಡದೆ ತೆಗೆದುಕೊಂಡಳು.

"ವಹಾಬ."

ಗುರುಪಾದಪ್ಪ ಬಂದಿದ್ದರು. ಅವಸರದಿಂದ ನಡೆದು ಬಂದು ಏದುಸಿರು ಬಿಡುತ್ತಿದ್ದರು. ಕೈಯಲ್ಲಿ ಮಾಯಕ್ಕನಿಗೆ ಹೊದಿಸಲು ತಂದ ಶಾಲು ಇತ್ತು. ಬಸ್ಸಿನ ಕಿಟಕಿ ನೋಡಿದರು, ವಹಾಬನ ಮುಖ ನೋಡಿದರು.

"ಹೇಳಿದೇನು?"

"ಕೇಳಿದ್ರು."

"ಎಲ್ಲಾನೂ?"

"ಎಲ್ಲಾನೂ."

ಗುರುಪಾದಪ್ಪ ಕಿಟಕಿಯ ಹತ್ತಿರ ಒಂದು ಹೆಜ್ಜೆ ಇಟ್ಟರು. "ಮಾಯಕ್ಕಾ," ಎಂದರು. ಅವಳು ಇತ್ತ ತಿರುಗಲಿಲ್ಲ. "ಮಾಯಕ್ಕಾ, ನಾನೂ..." ಅವರ ಕೈ ಎದೆಯ ಮೇಲೆ, ಅಂಗಿಯ ಒಳಗಿನ ಕರಡಿಗೆ ಇದ್ದಲ್ಲಿ ಹೋಗಿ, ಮುಟ್ಟದೆ ಕೆಳಗಿಳಿಯಿತು. ಅಷ್ಟರಲ್ಲಿ ರಸ್ತೆಯಲ್ಲಿ ಜೀಪಿನ ಸದ್ದಾಯಿತು. ಮಕ್ಕಳು ಜೈಕಾರ ಹಾಕಿದರು. ಯಾರೋ ಓಡಿ ಬಂದು, "ಕರ್ನಲ್ ಸಾಹೇಬ್ರು ಬಂದ್ರರಿ," ಎಂದರು. ಗುರುಪಾದಪ್ಪ ಒಂದು ಗಳಿಗೆ ಅಲ್ಲೇ ನಿಂತು, ಶಾಲನ್ನು ಮಡಿಚಿ ಕಂಕುಳಿಗಿಟ್ಟುಕೊಂಡು, ಬೆನ್ನು ನೆಟ್ಟಗೆ ಮಾಡಿ ನಡೆದರು. ವಹಾಬ ಅವರ ಹಿಂದೆ ಹೋಗಲಿಲ್ಲ.

ಡ್ರೈವರ್ ಇನ್ನೂ ಚಹಾ ಕುಡಿಯುತ್ತಿದ್ದ. ಧ್ವನಿವರ್ಧಕದಲ್ಲಿ ಸ್ವಾಗತ ಮುಗಿಯಿತು. "ವೀರಯೋಧ ಸತ್ಯಪ್ಪನವರ ಧರ್ಮಪತ್ನಿ ಶ್ರೀಮತಿ ಮಾಯಕ್ಕನವರು ದಯಮಾಡಿ ವೇದಿಕೆಗೆ ಬರಬೇಕು," ಎಂದು ಮಾಸ್ತರರೊಬ್ಬರು ಕರೆದರು. ಎರಡನೆಯ ಸಲ ಕರೆದರು. ಮೂರನೆಯ ಸಲ ಕರೆಯಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಗುರುಪಾದಪ್ಪನವರ ದನಿ ಕೇಳಿಸಿತು. "ಮಾನ್ಯರೇ," ಎಂದು ಶುರು ಮಾಡಿ, ನಿಂತು, ಮತ್ತೆ "ಮಾನ್ಯರೇ" ಎಂದರು. ಆಮೇಲೆ ಸಾಲೆಯ ಮಕ್ಕಳಿಗೆ ಬಾಯಿಪಾಠವಾಗಿದ್ದ ಆ ಕಥೆ, ಅದೇ ಮಾತುಗಳಲ್ಲಿ, ಹಿಮದಿಂದ ಆರಂಭವಾಯಿತು.

ಬಸ್ಸು ಗುರುಗುಟ್ಟಿ ಅಲುಗಿತು. ವಹಾಬ ಒಂದೆರಡು ಹೆಜ್ಜೆ ಅದರ ಜೊತೆಗೇ ನಡೆದ. ಕಿಟಕಿಯಲ್ಲಿ ಮಾಯಕ್ಕ ಎಡಗೈಯನ್ನು ಮಡಿಲಲ್ಲಿ ಬಿಚ್ಚಿಟ್ಟುಕೊಂಡು, ಹೆಬ್ಬೆರಳಿನಿಂದ ಬೆರಳ ಗೆಣ್ಣುಗಳನ್ನು ಮುಟ್ಟುತ್ತಿದ್ದಳು. ತುಟಿಗಳು ಅಲುಗುತ್ತಿದ್ದವು. ಒಂದು ದಿನ, ಎರಡು ದಿನ, ಮೂರು ದಿನ. ನಾಲ್ಕಕ್ಕೆ ಬಂದು ನಿಲ್ಲಿಸಿದಳು. ಮತ್ತೆ ಕಿರುಬೆರಳಿನಿಂದ ಶುರು ಮಾಡಿದಳು.